ಹಿತ್ತಾಳೆ ನವಿಲಿನ ಮಸಿಕುಡಿಕೆ, ನಿಜವಾಗಿ ಹಳೇದಾ?

ಕುಂದಾಪ್ರಿಯ:
ಹೋದ ರವಿವಾರ ಬೆಳಗಾವಿ ಪೇಟೆಯ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಮಸಿಕುಡಿಕೆ ತಗೊಂಡೆ. ನವಿಲಿನ ಆಕಾರ, ಬೆನ್ನಿನ ಮೇಲೆ ಮುಚ್ಚಳ, ಬಾಲದ ಹತ್ತಿರ ಲೇಖನಿ ಸಿಕ್ಕಿಸೋಕೆ ಎರಡು ತೂತು. 4,500 ಕೊಟ್ಟೆ. ‘ಕ್ಯಾಂಪಿನ, ಅಂದ್ರೆ ದಂಡು ಪ್ರದೇಶದ ಬಂಗಲೆಯಿಂದ ಬಂದದ್ದು ರೀ, ಬ್ರಿಟಿಷ್ ಸಾಹೇಬರದು, 150 ವರ್ಷ ಹಳೇದು’ ಅಂದರು. ಬಿಲ್ ಕೇಳಿದರೆ ಚೀಟಿಯಲ್ಲಿ ‘ಹಿತ್ತಾಳೆ ಸಾಮಾನು 1’ ಅಂತ ಬರೆದುಕೊಟ್ಟರು. ಮನೆಗೆ ಬಂದ ಮೇಲೆ ಅನುಮಾನ ಶುರುವಾಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ನೋಡಲಾ?

ಹಳೆಪಾತ್ರೆ:
ಅಯ್ಯೋ, ಹುಣಸೆಹಣ್ಣು ಮುಟ್ಟಿಸಬೇಡಿ! ಆ ಕಂದು ಬಣ್ಣ ಕೂರೋಕೆ ಎಷ್ಟೋ ವರ್ಷ ಬೇಕು, ಹೋಗೋಕೆ ಐದು ನಿಮಿಷ ಸಾಕು, ಕೊಳ್ಳುವವರು ನೋಡೋದೂ ಅದನ್ನೇ. ಮೊದಲು ತಲೆಕೆಳಗು ಮಾಡಿ ಸ್ಕ್ರೂ ನೋಡಿ. ತಲೆ ಮೇಲೆ ಪ್ಲಸ್ ಗುರುತಿದ್ದರೆ ಆ ಸ್ಕ್ರೂ 1930ರ ದಶಕದಿಂದ ಈಚಿನದು. ರಿಪೇರಿಗೆ ಬದಲಿಸಿರಲೂಬಹುದು, ಅದೊಂದನ್ನೇ ನಂಬಬೇಡಿ. ಆಮೇಲೆ ಒಳಗೆ ಬೆರಳು ಹಾಕಿ. ಸಾಹೇಬರ ಕಾಲದ ಇಂಗ್ಲಿಷ್ ಮಸಿ ಹುಳಿ ಜಾತಿಯದು, ಲೋಹ ತಿನ್ನುತ್ತದೆ, ಅದಕ್ಕೇ ಒಳಗೆ ಗಾಜಿನದೋ ಪಿಂಗಾಣಿಯದೋ ಬಟ್ಟಲು ಇಡುತ್ತಿದ್ದರು.

ಶಹಾಪುರದಕ್ಕ:
ನಮ್ಮ ಮುತ್ತಜ್ಜ ಕುಲಕರ್ಣಿಕಿ (ಊರಿನ ಲೆಕ್ಕ ಬರೆಯೋ ಕೆಲಸ) ಮಾಡಿದವರು, ಅವರ ದೌತಿ, ಅಂದ್ರೆ ಮಸಿಕುಡಿಕೆ, ಇನ್ನೂ ಮನೆಯಲ್ಲಿದೆ. ಉದ್ದನೆ ಹಿತ್ತಾಳೆ ಕೊಳವೆ, ಅದರೊಳಗೆ ಲೇಖನಿ, ಪಕ್ಕಕ್ಕೆ ಬೆಸುಗೆ ಹಾಕಿದ ಪುಟ್ಟ ಕುಡಿಕೆ, ಸೊಂಟಕ್ಕೆ ಸಿಕ್ಕಿಸಿಕೊಂಡು ಊರೂರು ತಿರುಗುತ್ತಿದ್ದರಂತೆ. ದೀಪದ ಕಾಡಿಗೆಗೆ ಗೋಂದು ಅರೆದು ಮಾಡಿದ ಮಸಿ ಕುಡಿಕೆಯ ಮೂಲೆಯಲ್ಲಿ ಈಗಲೂ ಕರ್ರಗೆ ಗಟ್ಟಿಯಾಗಿ ಕೂತಿದೆ, ಉಗುರಿಗೂ ಬರಲ್ಲ. ಬಳಸಿದ ಸಾಮಾನು ಅಂದ್ರೆ ಹಾಗಿರುತ್ತದೆ. ನವಿಲು ಗಿವಿಲು ಚಂದಕ್ಕೆ ಮಾಡಿದ್ದು, ಉತ್ತರ ಪ್ರದೇಶದ ಹಿತ್ತಾಳೆ ಊರು ಮುರಾದಾಬಾದಿನಿಂದ ಇಂಥವು ಈಗಲೂ ಬರುತ್ತವೆ.

ಇನ್ನೊಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತು ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ‘150 ವರ್ಷ ಹಳೇದು ಅಂತ ಬಿಲ್ಲಿನಲ್ಲಿ ಬರೆದುಕೊಡಿ’ ಅನ್ನಿ, ಆಗ ಅವರ ಮುಖ ನೋಡಿ.

ಕುಂದಾಪ್ರಿಯ:
ನೋಡಿದೆ ಅಕ್ಕಾ. ಎರಡು ಸ್ಕ್ರೂ, ಎರಡಕ್ಕೂ ಪ್ಲಸ್. ಒಳಗೆ ಬಟ್ಟಲು ಇಲ್ಲ, ಮಸಿ ಕಲೆನೂ ಇಲ್ಲ, ಹೊಸ ಚೆಂಬಿನ ಹಾಗೆ ಹಳದಿ. ಬಿಲ್ ಬರೆಸೋಕೆ ನಾಳೆ ಹೋಗ್ತೀನಿ.

ಹಳೆಪಾತ್ರೆ:
ನವಿಲನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.