ಕಡಲ ಯೋಧರ ಹಬ್ಬ ಹೇಗಿರಬೇಕು? ಸ್ವಲ್ಪ ಹೇಳಿ

ಹುನಗುಂದದ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಅಲೆಯರು ಅಂತ ಒಂದು ಜನ, ಪೂರ್ತಿ ಕಲ್ಪನೆ. ಹಡಗೇ ಮನೆ, ಹಡಗೇ ರಣರಂಗ. ಇದರ ಬೀಜ ಸಿಕ್ಕಿದ್ದು ನಮ್ಮ ಐಹೊಳೆಯಲ್ಲಿ. ಮೇಗುತಿ ಗುಡಿಯಲ್ಲಿ 634ರ ಶಾಸನ ಇದೆ ಅಲ್ವಾ, ಇಮ್ಮಡಿ ಪುಲಕೇಶಿ ಮದವೇರಿದ ಆನೆಗಳಂಥ ನೂರಾರು ಹಡಗು ಕಟ್ಟಿಕೊಂಡು ಪಶ್ಚಿಮ ಕಡಲಿನ ಪುರಿ ಅನ್ನುವ ಪಟ್ಟಣವನ್ನು ಮುತ್ತಿದ ಅಂತ ಕವಿ ರವಿಕೀರ್ತಿ ಅದರಲ್ಲಿ ಬರೆದಿದ್ದಾನೆ. ಸಮುದ್ರದಿಂದ ಇಷ್ಟು ದೂರದ ಗುಡ್ಡದ ಮೇಲೆ ಹಡಗಿನ ಮಾತು! ಅವತ್ತಿನಿಂದ ತಲೆ ತುಂಬ ಅದೇ.

ತೊಡಕು ಏನಂದರೆ, ಮಳೆಗಾಲ ಮುಗಿದಾಗ ಅವರದೊಂದು ಹಬ್ಬ ಬರುತ್ತದೆ, ಎಲ್ಲ ಹೊಸದಾಗುವ ಹಬ್ಬ. ರಾಜ ಬರುತ್ತಾನೆ, ಕತ್ತಿಗೆ ಪೂಜೆ, ದೊಡ್ಡ ಬೆಂಕಿ, ಕುಣಿತ ಅಂತ ಬರೆದೆ. ಓದಿದರೆ ಯಾರದೋ ಹಬ್ಬ ಅನ್ನಿಸುತ್ತದೆ.

ಬಿಳಿಜೋಳ (ವಿಜಯಪುರ):
ತಮ್ಮಾ, ಕಾರಹುಣ್ಣಿಮೆ ನೆನಪು ಮಾಡಿಕೋ. ಅವತ್ತು ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿ ಸಂಜೆ ಕರಿ ಹರಿಯುತ್ತೇವೆ, ಅಂದರೆ ಅಡ್ಡ ಕಟ್ಟಿದ ತೋರಣ ಹರಿಯುವಂತೆ ಎತ್ತು ಓಡಿಸುತ್ತೇವೆ. ಯಾವ ಬಣ್ಣದ ಎತ್ತು ಮುಂದೆ ಬಂತು ಅಂತ ನೋಡಿ ಈ ವರ್ಷ ಚೆನ್ನಾಗಿ ಬರುವ ಬೆಳೆ ಮುಂಗಾರಿಯೋ ಹಿಂಗಾರಿಯೋ ಅಂತ ಹಿರಿಯರು ಹೇಳುತ್ತಾರೆ. ವರ್ಷವೆಲ್ಲ ದುಡಿಯುವುದು ಎತ್ತು, ಅದಕ್ಕೇ ಹಬ್ಬ ಅದರದು. ನಿನ್ನ ಜನರ ಎತ್ತು ಯಾವುದು? ಹಡಗು. ರಾಜನನ್ನು ಬದಿಗೆ ಕೂರಿಸು.

ಟಿಳಕವಾಡಿ_ಟೀ:
ಬಿಳಿಜೋಳ ಅಣ್ಣಾ ಹೇಳಿದ್ದು ಸರಿ. ನನ್ನ ಮಾವನ ಮನೆ ಕಾರವಾರದ ಕಡೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಬಲೆ ಹೊಲಿಯುವುದು, ದೋಣಿ ರಿಪೇರಿ ಎಲ್ಲ ಆಗಲೇ. ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುತ್ತಾರೆ. ಮರದ ಹಡಗಿಗೆ ಶತ್ರುವಿಗಿಂತ ಉಪ್ಪುನೀರಿನ ಹುಳದ ಕಾಟ ಜಾಸ್ತಿ, ಹಲಗೆಯನ್ನು ಒಳಗೊಳಗೇ ಕೊರೆದು ಜರಡಿ ಮಾಡಿಬಿಡುತ್ತದೆ. ಆದರೆ ಸಿಹಿನೀರಿನಲ್ಲಿ ಅದು ಬಹಳ ದಿನ ಬದುಕುವುದಿಲ್ಲ. ಹಾಗಾಗಿ ಅಲೆಯರು ಹಡಗುಗಳನ್ನು ಹೊಳೆಯ ಒಳಗೆ ತಂದು ವಾರಗಟ್ಟಲೆ ನಿಲ್ಲಿಸಲಿ. ತವರಿಗೆ ಬಂದ ಹಾಗೆ. ಆಮೇಲೆ ದಡಕ್ಕೆ ಎಳೆದು, ತಳ ಕೆರೆದು, ನೀರು ಒಳಗೆ ಬರದಂತೆ ಹಲಗೆಗಳ ನಡುವಿನ ಸಂದಿಗೆ ಹತ್ತಿ ನೂಲು ತುರುಕಿ, ಎಣ್ಣೆ ಹಚ್ಚಲಿ.

ಜಮಖಂಡಿ_ಅಕ್ಕ:
ಆ ನೂಲು ತುರುಕುವ ಮಾತು ಬಿಡಬೇಡಪ್ಪಾ! ನಮ್ಮಲ್ಲಿ ದಸರೆಗೆ ಬನ್ನಿ ಕೊಡುವಾಗ "ಬಂಗಾರ ತಗೊಂಡು ಬಂಗಾರದಂಗ ಇರೂಣು" ಅನ್ನುತ್ತೇವೆ, ವರ್ಷಪೂರ್ತಿ ಮಾತು ಬಿಟ್ಟವರೂ ಅವತ್ತು ಎದುರಿಗೆ ಬಂದು ನಿಲ್ಲುತ್ತಾರೆ. ನಾಲ್ಕು ತಿಂಗಳು ದಡದಲ್ಲಿ ಕೂತ ಯೋಧರು ಜಗಳ ಆಡದೆ ಇರುತ್ತಾರಾ? ಒಬ್ಬೊಬ್ಬನೂ ತಾನು ಜಗಳ ಆಡಿದವನು ಕೂರುವ ಜಾಗದ ಕೆಳಗಿನ ಸಂದಿಯನ್ನೇ ತುಂಬಲಿ. ಸರಿಯಾಗಿ ತುಂಬದಿದ್ದರೆ ನೀರು ನುಗ್ಗುತ್ತದೆ, ಇಬ್ಬರೂ ಮುಳುಗುತ್ತಾರೆ.

ಹುನಗುಂದದ_ಹುಡುಗ:
ಅಕ್ಕಾ, ಮೈ ಜುಮ್ಮೆಂದಿತು. ಬೆಂಕಿ, ಕುಣಿತ ಎಲ್ಲ ಹೊಡೆದುಹಾಕಿದೆ. ಒಂದು ಕೇಳಬೇಕು. ಹೋದ ವರ್ಷದ ಕಾಳಗದಲ್ಲಿ ಸತ್ತವನ ಜಾಗದ ಸಂದಿ ಯಾರು ತುಂಬಬೇಕು?

ಜಮಖಂಡಿ_ಅಕ್ಕ:
ಹೊಸದಾಗಿ ಹಡಗು ಹತ್ತುವ ಹುಡುಗ. ಪಕ್ಕದಲ್ಲಿ ಸತ್ತವನ ತಾಯಿ ಕೂತು ನೂಲು ಹೊಸೆದು ಕೊಡಲಿ.