ಮರದ ಮೇಲೆ ಮೂರು ಮೊಲ

ಚರ್ಚಿನಿಂದ ಸುಮಾಳ ಫ್ಲಾಟಿಗೆ ಬಂದು ಮೊಸರನ್ನ ಕಲಸುವ ಹೊತ್ತಿಗೆ ರಾತ್ರಿ ಹನ್ನೊಂದು. ಮಂಜನ ಮುಖ ಇನ್ನೂ ಊದಿಕೊಂಡೇ ಇತ್ತು.

"ಬೀಟಲ್ಸ್ ಅಂತ ಹೇಳಿ ಭಜನೆಗೆ ಕೂರಿಸಿದ್ರಲ್ಲ! ಗಿಟಾರ್ ಎಲ್ಲಿ?"

"ಬೀಟಲ್ಸ್ ಅಂದಿಲ್ಲ ಮಾರಾಯ. ಆ ಬ್ಯಾಂಡಿನಲ್ಲಿದ್ದ ಪಾಲ್ ಮೆಕಾರ್ಟ್ನಿಯ 'ಲಿವರ್‌ಪೂಲ್ ಆರಟೋರಿಯೋ' ಅಂದೆ," ಎಂದಳು ಸುಮಾ. ಅವಳ ಆಫೀಸಿನ ಹೆಂಗಸೊಬ್ಬರು ಈ ಊರಿನ ಮೇಳದಲ್ಲಿ ಹಾಡುತ್ತಾರೆ. ಟಿಕೆಟ್ ಕೊಟ್ಟವರು ಅವರೇ. "ಆರಟೋರಿಯೋ ಅಂದ್ರೆ ವೇಷ ಇಲ್ಲ, ಕುಣಿತ ಇಲ್ಲ. ಬರೀ ಕಥೆ ಹಾಡೋದು."

"ತಾಳಮದ್ದಳೆ ಅನ್ನು."

"ಹೂಂ, ಅರ್ಥಗಾರಿಕೆ ಇಲ್ಲ ಅಷ್ಟೇ."

ಒಟ್ಟು ಎಂಟು ಭಾಗ. ಮೊದಲನೆಯದು ಮುಗಿದಾಗ ಇಡೀ ಚರ್ಚು ಗಪ್‌ಚಿಪ್. ಮಂಜ ಒಬ್ಬನೇ ಚಪ್ಪಾಳೆ ಹೊಡೆದ. ಮುಂದಿನ ಸಾಲಿನ ಅಜ್ಜಿ ನಿಧಾನವಾಗಿ ತಿರುಗಿ ನೋಡಿದರು. ಇವನು ಚಳಿಯಾದವನ ಹಾಗೆ ಎರಡೂ ಕೈ ಉಜ್ಜಿಕೊಂಡ. ಆಮೇಲೆ ಪಾಪ, ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ತಟ್ಟುವಾಗಲೂ ಕೈ ಜೇಬಿನಿಂದ ತೆಗೆಯಲಿಲ್ಲ.

"ಕಥೆಯಾದ್ರೂ ಏನು?"

"1942ರಲ್ಲಿ, ಯುದ್ಧದ ನಡುವೆ ಹುಟ್ಟಿದ ಹುಡುಗ. ಪಾಲ್ ಹುಟ್ಟಿದ್ದೂ ಅದೇ ವರ್ಷ. ಸ್ಕೂಲು, ಅಪ್ಪನ ಸಾವು, ಮದುವೆ, ಕೆಲಸ, ಗಂಡ-ಹೆಂಡತಿ ಜಗಳ, ಆಮೇಲೆ ರಾಜಿ."

"ಇದನ್ನ ನಮ್ಮನೇಲೇ ನೋಡಬಹುದಿತ್ತು. ರಾಜಿ ಒಂದು ಇರ್ತಿರಲಿಲ್ಲ."

ಶ್ರೀಧರನ ತಕರಾರು ಬೇರೆ. ಅವನು ಏಳು ವರ್ಷ ಸಂಗೀತ ಕಲಿತವನು, ಅದನ್ನು ಮರೆಯಲು ಬಿಡುವವನಲ್ಲ. "ಪಾಲ್‌ಗೆ ನೊಟೇಶನ್ ಓದೋಕೆ ಬರಲ್ಲ. ಅವನು ಹಾಡಿ, ನುಡಿಸಿ ತೋರಿಸಿದ್ದನ್ನ ಬರೆದಿದ್ದು ಕಾರ್ಲ್ ಡೇವಿಸ್ ಅನ್ನೋ ಸಂಗೀತ ಸಂಯೋಜಕ. ಹಾಗಾದ್ರೆ ಇದು ಯಾರದ್ದು?"

"ಅಮ್ಮ ಸಾರು ಮಾಡಿದ್ರು, ಸೊಸೆ ಅಳತೆ ಬರ್ಕೊಂಡ್ಲು. ಸಾರು ಯಾರದ್ದಪ್ಪಾ?"

"ಸೊಸೆ ಉಪ್ಪು ಸರಿ ಮಾಡಿದ್ರೆ?"

ಇಲ್ಲಿಗೆ ಮಾತು ನಿಂತಿತು. ಡೇವಿಸ್ ಬರೀ ಗುಮಾಸ್ತ ಅಲ್ಲ, ಇಬ್ಬರ ಹೆಸರೂ ಕೃತಿಯ ಮೇಲಿದೆ. ನನ್ನನ್ನು ಕೇಳಿದರೆ ಉಪ್ಪು ಅವರದ್ದೇ ಜಾಸ್ತಿ.

ಆದರೆ ಒಂದು ಸಂಗತಿ ಕೇಳಿ ಮಂಜನೂ ಸೌಟು ಕೆಳಗಿಟ್ಟ. ಹುಡುಗನಾಗಿದ್ದಾಗ ಪಾಲ್ ತನ್ನೂರು ಲಿವರ್‌ಪೂಲಿನ ದೊಡ್ಡ ಚರ್ಚು, ಕೆಥೆಡ್ರಲ್‌ನ ಹಾಡುವ ಮೇಳ ಸೇರಲು ಹೋಗಿದ್ದ. ತಗೊಳ್ಳಲಿಲ್ಲ. ಮುಂದೆ ಆ ಊರಿನ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದವರು ತಮ್ಮ ಸಂಸ್ಥೆಯ 150ನೇ ವರ್ಷದ ನೆನಪಿಗೆ ಈ ಕೃತಿ ಬರೆಸಿದರು. ಮೊದಲ ಪ್ರದರ್ಶನ 1991ರಲ್ಲಿ, ಅದೇ ಕೆಥೆಡ್ರಲ್‌ನಲ್ಲಿ. ಹಾಡಿದವರಲ್ಲಿ ಆ ಮೇಳದ ಹುಡುಗರೂ ಇದ್ದರು.

"ಅಬ್ಬಾ, ಬೇಡ ಅಂದ ಮಾವನ ಮನೇಲೇ ಮದುವೆ ಮಾಡ್ಕೊಂಡ ಹಾಗಾಯ್ತು," ಎಂದ ಮಂಜ. "ಸರಿ, ಆ ಮೊಲದ ಹಾಡು ಏನು? ಕನಸು ಬಿತ್ತಾ ನಂಗೆ?"

ಕನಸಲ್ಲ. ಸ್ಕೂಲಿನ ಭಾಗದಲ್ಲಿ ಬರುತ್ತದೆ. ಪಾಲ್ ಸ್ಪ್ಯಾನಿಷ್ ಕ್ಲಾಸಿನಲ್ಲಿ ಕಲಿತ ಪದ್ಯ: ಮೂರು ಮೊಲ ಮರ ಹತ್ತಿ ಡೋಲು ಬಾರಿಸುತ್ತಿವೆ. ಅದನ್ನು ಆರ್ಕೆಸ್ಟ್ರಾ ಸಮೇತ, ಕೋಟು ಹಾಕಿದ ದೊಡ್ಡವರು ಒಂದಿಷ್ಟೂ ನಗದೆ ಹಾಡಿದರು.

"ಇದು ನೋಡು ಹಾಡು!" ಮಂಜ ಸ್ಟೀಲ್ ಪಾತ್ರೆ ಬೋರಲು ಹಾಕಿ ಸೌಟಿನಿಂದ ಬಡಿಯತೊಡಗಿದ. ಶ್ರೀಧರ ಬೇಡ ಬೇಡ ಎನ್ನುತ್ತಲೇ ತೊಡೆಯ ಮೇಲೆ ತಾಳ ಹಾಕಿದ. ಸುಮಾ ರಾಗ ಎಳೆದಳು.

ಅಷ್ಟರಲ್ಲಿ ಕೆಳಗಿನ ಮನೆಯವರು ಸೂರಿಗೆ ಕೋಲಿನಿಂದ ಕುಟ್ಟಿದರು. ಸರಿಯಾಗಿ ಸಮಕ್ಕೇ ಬಿತ್ತು.