ಸಹಾಯ ಬೇಕು: ಅಪಾಚೆ ಲೈಸೆನ್ಸ್ ಕೋಡನ್ನು ಲಿನಕ್ಸ್ ಡ್ರೈವರ್‌ಗೆ ಸೇರಿಸಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಸೆನ್ಸರ್‌ಗೆ ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬರೆಯುತ್ತಿದ್ದೇನೆ. ಮುಕ್ಕಾಲು ಕೆಲಸ ಮುಗಿದಿದೆ, ಈಗ ಲೈಸೆನ್ಸ್ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಡ್ರೈವರ್ ಸೇರಬೇಕಾದ ಕರ್ನಲ್ (ಲಿನಕ್ಸ್‌ನ ತಿರುಳು) ಇರುವುದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸ್‌ನ 2ನೇ ಆವೃತ್ತಿಯಲ್ಲಿ ಮಾತ್ರ, 'ಅಥವಾ ನಂತರದ ಆವೃತ್ತಿ' ಅನ್ನುವ ಮಾತು ಅದಕ್ಕಿಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಡ್ರೈವರ್‌ನಿಂದ ಒಂದಿಷ್ಟು ಕೋಡ್ ತೆಗೆದುಕೊಂಡಿದ್ದೇನೆ. ಅದು 2 ಷರತ್ತಿನ ಬಿಎಸ್‌ಡಿ ಲೈಸೆನ್ಸ್, ಕಾಪಿರೈಟ್ ಸಾಲುಗಳನ್ನು, ಜೊತೆಗಿರುವ ಷರತ್ತು ಮತ್ತು ಹೊಣೆ ನಿರಾಕರಣೆಯ ಮಾತುಗಳನ್ನು ಹಾಗೇ ಉಳಿಸಿದರೆ ಸಾಕು. ತಲೆನೋವು ಇರುವುದು ಕ್ಯಾಲಿಬ್ರೇಷನ್ (ಸೆನ್ಸರ್ ಅಳತೆಯನ್ನು ಸರಿಪಡಿಸುವ ಲೆಕ್ಕ) ಭಾಗದಲ್ಲಿ. ಚಿಪ್ ತಯಾರಕರು ಕೊಟ್ಟ ಆ ಕೋಡ್ ಅಪಾಚೆ 2.0 ಎಂಬ ಇನ್ನೊಂದು ಮುಕ್ತ ಲೈಸೆನ್ಸ್‌ನಲ್ಲಿದೆ. ಇದು ಜಿಪಿಎಲ್ 3ಕ್ಕೆ ಹೊಂದುತ್ತದೆ, ಪೇಟೆಂಟ್ ಮುಂತಾದ ಷರತ್ತುಗಳ ಕಾರಣ 2ಕ್ಕೆ ಹೊಂದುವುದಿಲ್ಲ ಎಂದು ಜಿಪಿಎಲ್ ರೂಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನೇ ಹೇಳುತ್ತದೆ.

ಗೆಳೆಯನೊಬ್ಬ 'ಮಾಡ್ಯೂಲ್ ಲೈಸೆನ್ಸ್ ಸಾಲಿನಲ್ಲಿ ಸುಮ್ನೆ ಜಿಪಿಎಲ್ ಅಂತ ಬರೆದುಬಿಡು' ಅಂದ. ಮಾಡ್ಯೂಲ್ ಅಂದರೆ ಕರ್ನಲ್‌ಗೆ ಸೇರುವ ತುಣುಕು, ಇಲ್ಲಿ ನನ್ನ ಡ್ರೈವರ್. ಹಾಗೆ ಬರೆದರೆ ಜಿಪಿಎಲ್ ಮಾಡ್ಯೂಲ್‌ಗಳಿಗಷ್ಟೇ ಮೀಸಲಾದ ಸಿಂಬಲ್‌ಗಳು (ಕರ್ನಲ್‌ನ ಫಂಕ್ಷನ್‌ಗಳಂಥವು) ಸಿಗುತ್ತವೆ, ನಿಜ. ಆದರೆ ಬೇರೆಯವರ ಕೋಡಿನ ಲೈಸೆನ್ಸನ್ನು ನಾನು ಬದಲಾಯಿಸುವ ಹಾಗಿಲ್ಲ, ಅಲ್ವಾ?

ಅಪಾಚೆ, ಜಿಪಿಎಲ್ 2 ಎರಡೂ ಲೈಸೆನ್ಸ್‌ನಲ್ಲಿ ಕೊಡಿ ಎಂದು ತಯಾರಕರನ್ನು ಕೇಳಿ ಒಪ್ಪಿಸಿದವರು ಯಾರಾದರೂ ಇದ್ದೀರಾ? ಪತ್ರ ಹೇಗೆ ಬರೆದಿರಿ? ಇಲ್ಲವೇ ಆ ಲೆಕ್ಕವನ್ನು ಕರ್ನಲ್‌ನಿಂದ ತೆಗೆದು ಯೂಸರ್‌ಸ್ಪೇಸ್‌ಗೆ (ಕರ್ನಲ್‌ನ ಹೊರಗೆ ಓಡುವ ಸಾಮಾನ್ಯ ಪ್ರೋಗ್ರಾಂಗೆ) ಹಾಕುವುದೇ ವಾಸಿಯಾ? ಡೇಟಾಶೀಟ್ (ಚಿಪ್‌ನ ತಾಂತ್ರಿಕ ವಿವರ ಪತ್ರ) ನೋಡಿ ಹೊಸದಾಗಿ ಬರೆಯಬಹುದಿತ್ತು, ಆದರೆ ಆ ಕೋಡನ್ನು ಆಗಲೇ ಪೂರ್ತಿ ಓದಿಬಿಟ್ಟಿದ್ದೇನೆ, ಹಾಗಾಗಿ ಈಗ ಬರೆದದ್ದೂ ನಕಲು ಅನ್ನಿಸಬಹುದೇನೋ ಎಂಬ ಅಳುಕು. ಅನುಭವ ಇದ್ದವರು ದಯವಿಟ್ಟು ತಿಳಿಸಿ.